ಬ್ಯಾಂಡ್ ಸಾ ಗೈಡ್ ಬದಲಿಸಿದೆ, ಆಮೇಲೆ ಹಳೇದನ್ನೇ ವಾಪಸ್ ಹಾಕಿ ಅಳೆದೆ

ಮೊದಲೇ ಹೇಳಿಬಿಡುತ್ತೇನೆ, ಇದು ಹೊಸ ಗೈಡ್ ಹಾಕಿದ ಕೂಡಲೇ ಯಂತ್ರ ಹೊಸದಾಯಿತು ಅನ್ನುವ ಕಥೆಯಲ್ಲ. ಬ್ಯಾಂಡ್ ಸಾ ಅಂದರೆ ಮೇಲೊಂದು ಕೆಳಗೊಂದು ವೀಲಿನ ಸುತ್ತ ಬಳೆಯಂಥ ಬ್ಲೇಡ್ ಓಡಿ ಮರ ಕೊಯ್ಯುವ ಯಂತ್ರ, ಗೈಡ್ ಅಂದರೆ ಆ ಬ್ಲೇಡ್ ಅತ್ತಿತ್ತ ಸರಿಯದಂತೆ ತಡೆಯುವ ತುಂಡುಗಳು. ನಾನು ಬೇರಿಂಗ್ ಗೈಡ್ ಕಿಟ್ ತಂದು ಕೂರಿಸಿದೆ. ಎರಡು ವಾರ ಸಿಕ್ಕಿದವರ ಮುಂದೆಲ್ಲ ಹೊಗಳಿದೆ. ಆಮೇಲೆ ಗೆಳೆಯನೊಬ್ಬ ಕೇಳಿದ ಒಂದೇ ಪ್ರಶ್ನೆಗೆ ಬಾಯಿ ಕಟ್ಟಿಹೋಗಿ, ಎಲ್ಲ ಬಿಚ್ಚಿ, ಡಬ್ಬಿಗೆ ಹಾಕಿಟ್ಟಿದ್ದ ಹಳೇ ಉಕ್ಕಿನ ತುಂಡುಗಳನ್ನೇ ಮತ್ತೆ ಸಿಕ್ಕಿಸಿ ಅಳೆಯುತ್ತಾ ಕೂತೆ. ಆ ಅಳತೆಗಳು, ಅದರಿಂದ ಹೊರಬಂದ ಬೇರೆ ಕೆಲಸಗಳು, ಎಲ್ಲ ಇಲ್ಲಿವೆ.

ಯಂತ್ರ ತುಂಬ ಸಾಮಾನ್ಯವಾದದ್ದು. 14 ಇಂಚಿನ ವೀಲ್, ಎರಕದ ಕಬ್ಬಿಣದ ಮೈ, 93½ ಇಂಚಿನ ಬ್ಲೇಡ್. ಎತ್ತರ ಹೆಚ್ಚಿಸುವ ರೈಸರ್ ತುಂಡು ಹಾಕಿಲ್ಲ, ಹಾಗಾಗಿ 150 ಮಿಮೀ ಎತ್ತರದ ಹಲಗೆಗೆ ಇದರ ಲೆಕ್ಕ ಮುಗಿಯಿತು. ಗೈಡ್ ಕೂಡ ಹಳೇ ಕಾಲದ್ದೇ. ಬ್ಲೇಡಿನ ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಚೌಕ ಬ್ಲಾಕ್, ಬೆನ್ನಿಗೆ ಒಂದು ಬೇರಿಂಗ್. ಇದು ಟೇಬಲ್ಲಿನ ಮೇಲೊಂದು ಸೆಟ್, ಕೆಳಗೊಂದು ಸೆಟ್.

ಕಾಯಿಲೆ ಏನಪ್ಪಾ ಅಂದರೆ, ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ತೆಳು ಪಟ್ಟಿಗಳಾಗಿ ಸೀಳುವಾಗ ಹೊಟ್ಟೆ ಬರುತ್ತಿತ್ತು. ಮೇಲಿನ ಅಂಚಿನಲ್ಲಿ ಗೆರೆ ಹಿಡಿದೇ ಹೋಗಿರುತ್ತದೆ, ಕೆಳಗಿನ ಅಂಚಿನಲ್ಲೂ ಸರಿ. ಎರಡು ಹೋಳು ಬಿಡಿಸಿ ನೋಡಿದರೆ ನಡುವೆ ಒಂದು ಉಬ್ಬಿದೆ, ಇನ್ನೊಂದು ತಗ್ಗಿದೆ. 130 ಮಿಮೀ ಎತ್ತರದ ಹಲಗೆಯಲ್ಲಿ ನಡುವಿನ ದಪ್ಪಕ್ಕೂ ಅಂಚಿನ ದಪ್ಪಕ್ಕೂ 2.5 ಮಿಮೀ ವ್ಯತ್ಯಾಸ. 6 ಮಿಮೀ ಪಟ್ಟಿ ತೆಗೆಯೋಕೆ ಹೊರಟವನಿಗೆ ಎರಡೂವರೆ ಹೋದರೆ ಉಳಿಯುವುದೇನು?

ನಾನು ಸೀದಾ ಗೈಡನ್ನೇ ದೂರಿದೆ. ಯಾಕೆ ಅಂದರೆ ಕಣ್ಣಿಗೆ ಕಾಣುವುದು ಅದೇ. ಬ್ಲಾಕುಗಳ ಮೂಲೆ ಸವೆದು ಓರೆಯಾಗಿತ್ತು, ಬೆನ್ನಿನ ಬೇರಿಂಗಿನ ಮುಖದಲ್ಲಿ ಬ್ಲೇಡ್ ಉಜ್ಜಿ ಗೀರು ಬಿದ್ದಿತ್ತು. ನೋಡಿದವರು ಯಾರಾದರೂ ಇದೇ ಕಳ್ಳ ಅನ್ನುತ್ತಾರೆ.

ಕಿಟ್ ಕೂರಿಸಿದ ಶನಿವಾರ

ಡಬ್ಬಿಯಲ್ಲಿ ಎರಡು ಬ್ರಾಕೆಟ್, ಆರು ಬೇರಿಂಗ್. ಮೇಲೆ ಮೂರು, ಕೆಳಗೆ ಮೂರು. ಪಕ್ಕದ ಬೇರಿಂಗುಗಳು ಕೇಂದ್ರ ತಪ್ಪಿಸಿದ ಶಾಫ್ಟ್ ಮೇಲೆ ಕೂತಿವೆ, ನಾಬ್ ತಿರುಗಿಸಿದರೆ ಬೇರಿಂಗ್ ಕೂದಲೆಳೆಯಷ್ಟು ಬ್ಲೇಡಿನ ಹತ್ತಿರ ಬರುತ್ತದೆ ಅಥವಾ ದೂರ ಹೋಗುತ್ತದೆ. ಆ ನಾಬ್ ಒಂದು ನನಗೆ ಬಹಳ ಇಷ್ಟವಾಯಿತು. ಈ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ ಇದಕ್ಕೆ.

ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ, ನಾಲ್ಕಾಯಿತು. ಮೇಲಿನ ಬ್ರಾಕೆಟಿನ ತೂತು ಗೈಡ್ ಪೋಸ್ಟಿಗಿಂತ (ಮೇಲಿನ ಗೈಡ್ ಹೊತ್ತ ಕಂಬ) ಸ್ವಲ್ಪ ಬಿಗಿ, ಅರ ಹಿಡಿದು ಉಜ್ಜಿ ಉಜ್ಜಿ ಒಳಗೆ ಹೋಗಿಸಿದೆ. ಬ್ಲೇಡ್ ಮುಚ್ಚುವ ಗಾರ್ಡ್ ಹೊಸ ಬ್ರಾಕೆಟ್‌ಗೆ ತಾಗಿ ಕೂರಲಿಲ್ಲ, ಅದಕ್ಕೆ ಬೇರೆ ಜಾಗದಲ್ಲಿ ತೂತು ಕೊರೆಯಬೇಕಾಯಿತು. ಗಾರ್ಡ್ ತೆಗೆದಿಟ್ಟು ಓಡಿಸೋಣ ಅನ್ನುವ ಆಸೆ ಬರುತ್ತದೆ, ಬೇಡ, ಆ ಹತ್ತು ನಿಮಿಷ ಖರ್ಚು ಮಾಡಿ. ಬ್ರಾಕೆಟ್ ಹಳೇದಕ್ಕಿಂತ ಎತ್ತರ ಇರುವುದರಿಂದ ಸೀಳುವ ಎತ್ತರದಲ್ಲಿ 10 ಮಿಮೀ ಹೋಯಿತು, 150 ಇದ್ದದ್ದು ಈಗ 140. ಇದನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ಕೆಳಗಿನ ಬ್ರಾಕೆಟ್ ಇನ್ನೂ ಮಜಾ ಕೊಟ್ಟಿತು. ಟೇಬಲ್ ವಾಲಿಸಿದರೆ ಅದರ ಒಂದು ನಾಬ್ ಟೇಬಲ್ ಹೊತ್ತ ಅರ್ಧಚಂದ್ರದ ತುಂಡಿಗೆ ತಾಗುತ್ತದೆ, 45 ಡಿಗ್ರಿವರೆಗೆ ವಾಲಬೇಕಾದ ಟೇಬಲ್ 38ಕ್ಕೇ ನಿಲ್ಲುತ್ತದೆ. ನಾನು 45 ಡಿಗ್ರಿಯಲ್ಲಿ ಕೊಯ್ಯುವುದು ವರ್ಷಕ್ಕೆ ಎರಡು ಸಲ, ಹೋಗಲಿ ಅಂತ ಬಿಟ್ಟೆ. ನಿಮಗೆ ಅದೇ ದಿನದ ಕೆಲಸವಾಗಿದ್ದರೆ ಕೊಳ್ಳುವ ಮೊದಲು ನೋಡಿಕೊಳ್ಳಿ.

ಹೊಂದಿಸುವ ಕ್ರಮ ಎಲ್ಲರಿಗೂ ಗೊತ್ತಿರುವುದೇ, ಆದರೂ ಹೇಳುತ್ತೇನೆ, ಯಾಕೆಂದರೆ ಇದನ್ನು ಉಲ್ಟಾ ಮಾಡುವವರೇ ಜಾಸ್ತಿ. ಪ್ಲಗ್ ಕಿತ್ತು, ಮೇಲಿನ ಕೆಳಗಿನ ಎಲ್ಲ ಗೈಡುಗಳನ್ನೂ ಬ್ಲೇಡಿನಿಂದ ದೂರ ಸರಿಸಿ. ಟೆನ್ಷನ್ ಕೊಡಿ, ಅಂದರೆ ಬ್ಲೇಡನ್ನು ಎಳೆದು ಬಿಗಿ ಮಾಡಿ. ಕೈಯಿಂದ ವೀಲ್ ತಿರುಗಿಸುತ್ತಾ ಬ್ಲೇಡ್ ವೀಲಿನ ರಬ್ಬರ್ ಟೈರಿನ ಮೇಲೆ ಒಂದೇ ಜಾಗದಲ್ಲಿ ಓಡುವ ಹಾಗೆ ಮಾಡಿ. ಮೂಲೆಮಟ್ಟ ಇಟ್ಟು ಟೇಬಲ್ ನೋಡಿ. ಇಷ್ಟೆಲ್ಲ ಆದ ಮೇಲೆ ಗೈಡ್. ಗೈಡಿನಿಂದ ಬ್ಲೇಡನ್ನು ತಳ್ಳಿ ಜಾಗಕ್ಕೆ ತರಬಾರದು, ಬ್ಲೇಡ್ ತಾನಾಗಿ ನಿಂತಿರುವ ಜಾಗಕ್ಕೆ ಗೈಡ್ ಹೋಗಬೇಕು.

ಅಂತರಕ್ಕೆ ಫೀಲರ್ ಗೇಜ್ (ಸಂದಿಯ ಅಳತೆ ನೋಡುವ ತೆಳು ತಗಡುಗಳು) ಇಲ್ಲದಿದ್ದರೂ ನಡೆಯುತ್ತದೆ. ಸಾಮಾನ್ಯ ಪ್ರಿಂಟರ್ ಕಾಗದ ಸುಮಾರು 0.1 ಮಿಮೀ ದಪ್ಪ. ಪಕ್ಕಕ್ಕೆ ಒಂದು ಪದರ, ಬೆನ್ನಿನ ಬೇರಿಂಗಿಗೆ ಅದೇ ಕಾಗದವನ್ನು ಎರಡು ಸಲ ಮಡಚಿ ನಾಲ್ಕು ಪದರ. ಮರ ತಳ್ಳದೇ ಇದ್ದಾಗ ಬೆನ್ನಿನ ಬೇರಿಂಗ್ ತಿರುಗಬಾರದು, ತಳ್ಳಿದ ಕೂಡಲೇ ತಿರುಗಬೇಕು. ಪಕ್ಕದ ಗೈಡಿನ ಮುಂದಿನ ಅಂಚು ಹಲ್ಲಿನ ಬುಡದ ಕೊರಕಲಿಗಿಂತ ಒಂದು ಮಿಮೀನಷ್ಟು ಹಿಂದೆ ಇರಲಿ. ತಳ್ಳಿದಾಗ ಬ್ಲೇಡ್ ಆ 0.4 ಮಿಮೀ ಹಿಂದೆ ಸರಿಯುತ್ತದಲ್ಲ, ಆಗಲೂ ಹಲ್ಲು ಗೈಡಿಗೆ ತಾಗಬಾರದು. ಈ ಒಂದು ಮಿಮೀ ನನಗೆ ಎಷ್ಟು ದುಬಾರಿಯಾಗಿತ್ತು ಅನ್ನುವುದು ಆವತ್ತು ಗೊತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ, ಇಷ್ಟು ಮಾಡಿದ್ದೇನೆ ಅಂತ ಹೊಸ ಬ್ಲೇಡನ್ನೂ ಹಾಕಿದೆ. 13 ಮಿಮೀ ಅಗಲ, 0.6 ಮಿಮೀ ದಪ್ಪ, ಇಂಚಿಗೆ 3 ಹಲ್ಲು. ಮೊದಲ ಪಟ್ಟಿ ಹೊರಬಂತು. ನಡುವಿಗೂ ಅಂಚಿಗೂ 0.4 ಮಿಮೀ ವ್ಯತ್ಯಾಸ, ಅಷ್ಟೇ. 2.5 ಎಲ್ಲಿ, 0.4 ಎಲ್ಲಿ! ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ.

‘ಬ್ಲೇಡೂ ಅವತ್ತೇ ಹಾಕಿದ್ಯಲ್ವಾ?’

ಗೆಳೆಯ ಕೇಳಿದ್ದು ಇಷ್ಟೇ. ಅವನೂ ಮರದ ಕೆಲಸದವನೇ, ಮಾತು ಕಡಿಮೆ. ನಾನು ಹೌದು ಅಂದೆ. ‘ಮತ್ತೆ ಗೈಡಿಂದ ಅಂತ ಹೆಂಗ್ ಗೊತ್ತಾಯ್ತು?’ ಅಂದ. ಉತ್ತರ ಇರಲಿಲ್ಲ. ರಾತ್ರಿ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಮುಂದಿನ ರಜೆಯಲ್ಲಿ ಕೂತು ಸರಿಯಾಗಿ ಅಳೆದೆ. ಒಂದೇ ಹಲಗೆಯಿಂದ 130 ಮಿಮೀ ಎತ್ತರ, 400 ಮಿಮೀ ಉದ್ದದ ತುಂಡುಗಳು. ಪ್ರತಿ ಜೋಡಣೆಗೂ ಮೂರು ಪಟ್ಟಿ, ಎಲ್ಲ 6 ಮಿಮೀ ದಪ್ಪಕ್ಕೆ. ಅಳೆಯುವುದರಲ್ಲೇ ಒಂದು ತೊಡಕಿತ್ತು. ವರ್ನಿಯರಿನ ದವಡೆ ಪಟ್ಟಿಯ ನಡುವಿನವರೆಗೆ ಮುಟ್ಟುವುದಿಲ್ಲ. ಅದಕ್ಕೆ ಪ್ರತಿ ಪಟ್ಟಿಯನ್ನೂ ಅಡ್ಡಕ್ಕೆ ಎರಡು ತುಂಡು ಮಾಡಿ, ಆ ಕೊಯ್ದ ಅಂಚಿನುದ್ದಕ್ಕೂ ಐದು ಕಡೆ ದಪ್ಪ ನೋಡಿದೆ. ಅತಿ ಹೆಚ್ಚಿನದರಿಂದ ಅತಿ ಕಡಿಮೆಯದನ್ನು ಕಳೆದರೆ ಹೊಟ್ಟೆ ಎಷ್ಟು ಅಂತ ಸಿಗುತ್ತದೆ.

ಹಳೇ ಬ್ಲೇಡ್, ಹೊಸ ಬೇರಿಂಗ್ ಗೈಡ್: 2.1 ಮಿಮೀ.

ಹೊಸ ಬ್ಲೇಡ್, ಹಳೇ ಉಕ್ಕಿನ ಬ್ಲಾಕ್ (ಮುಖ ಉಜ್ಜಿ ಸಪಾಟು ಮಾಡಿ, ಸರಿಯಾಗಿ ಹೊಂದಿಸಿದ ಮೇಲೆ): 0.5 ಮಿಮೀ.

ಹೊಸ ಬ್ಲೇಡ್, ಹೊಸ ಗೈಡ್: ಅದೇ 0.4.

ಅಂದರೆ 2.5ರಿಂದ 0.4ಕ್ಕೆ ಬಂದದ್ದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಬ್ಲೇಡಿನ ಪಾಲು. ಒಂದೇ ಜೋಡಣೆಯ ಮೂರು ಪಟ್ಟಿಗಳಲ್ಲೇ 0.1 ಆಚೀಚೆ ಆಗುತ್ತಿತ್ತು, ಹಾಗಾಗಿ 0.4 ಮತ್ತು 0.5ರ ನಡುವೆ ವ್ಯತ್ಯಾಸ ಇದೆ ಅಂತ ಎದೆ ತಟ್ಟಿ ಹೇಳೋಕೂ ಆಗುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು ನನ್ನ ಕಥೆ.

ಯೋಚಿಸಿದರೆ ಇದು ಹೀಗೇ ಆಗಬೇಕಿತ್ತು. 130 ಮಿಮೀ ಹಲಗೆ ಕೊಯ್ಯುವಾಗ ಮೇಲಿನ ಗೈಡ್ ಹಲಗೆಯ ತಲೆಯ ಮೇಲಿದೆ, ಕೆಳಗಿನದು ಟೇಬಲ್ಲಿನ ಅಡಿಯಲ್ಲಿದೆ. ನಡುವೆ ಮರದೊಳಗೆ ಹೂತುಹೋದ ಬ್ಲೇಡನ್ನು ಹಿಡಿಯೋಕೆ ಯಾರಿದ್ದಾರೆ? ಯಾವ ಗೈಡೂ ಅಲ್ಲಿಗೆ ಹೋಗುವುದಿಲ್ಲ. ಅಲ್ಲಿ ಬ್ಲೇಡ್ ನೆಟ್ಟಗೆ ನಿಲ್ಲೋದು ತನ್ನ ಅಗಲದಿಂದ, ಎಳೆತದಿಂದ, ಮತ್ತೆ ಹಲ್ಲು ಎರಡೂ ಕಡೆ ಒಂದೇ ಸಮ ಹರಿತ ಇರುವುದರಿಂದ. ಹಲ್ಲು ಒಂದು ಕಡೆ ಮೊಂಡಾದರೆ ಹರಿತವಿರುವ ಕಡೆಗೆ ಬ್ಲೇಡ್ ಎಳೆಯುತ್ತದೆ. ಅಂಚುಗಳಲ್ಲಿ ಗೈಡ್ ಅದನ್ನು ತಡೆಯುತ್ತದೆ, ನಡುವೆ ತಡೆಯುವವರಿಲ್ಲ. ಹೊಟ್ಟೆ ಬರುವುದು ಹೀಗೆ.

ಹಳೇ ಬ್ಲೇಡನ್ನು ಭೂತಗನ್ನಡಿ ಹಿಡಿದು ನೋಡಿದೆ. ಎಡಕ್ಕೆ ಬಾಗಿದ ಹಲ್ಲುಗಳ ತುದಿ ಎಲ್ಲ ಉಂಡೆಯಾಗಿ ಹೊಳೆಯುತ್ತಿವೆ, ಬಲಗಡೆಯವು ಇನ್ನೂ ಚೂಪು. ಮೊಳೆಗೆ ತಾಗಿದ್ದರೆ ಒಂದೆರಡು ಹಲ್ಲು ಹೋಗುತ್ತಿತ್ತು, ಸುತ್ತಿಡೀ ಒಂದೇ ಕಡೆ ಸವೆದಿದೆ ಅಂದರೆ ಏನೋ ಒಂದು ಸದಾ ಉಜ್ಜುತ್ತಿತ್ತು ಅಂತ. ಕೆಳಗಿನ ಎಡ ಬ್ಲಾಕ್! ಅದು ಕೊರಕಲು ದಾಟಿ ಮುಂದೆ ಬಂದು ಕೂತಿತ್ತು. ಗಟ್ಟಿ ಉಕ್ಕಿನ ಮೂಲೆಗೆ ಎಡಗಡೆಯ ಪ್ರತಿ ಹಲ್ಲೂ ತಾಗಿ ಹೋಗಿದೆ. ಎಷ್ಟು ತಿಂಗಳು ಹೀಗೆ ಓಡಿಸಿದೆನೋ.

ಹಾಗಾದರೆ ಗೈಡಿನದ್ದೂ ತಪ್ಪಿತ್ತು. ಆದರೆ ಹಳೇದು ಅನ್ನುವ ತಪ್ಪಲ್ಲ, ಹೊಂದಿಸದೇ ಬಿಟ್ಟ ತಪ್ಪು. ಯಾಕೆ ಹೊಂದಿಸಲಿಲ್ಲ? ಕೆಳಗಿನ ಗೈಡಿನ ಸ್ಕ್ರೂ ಟೇಬಲ್ಲಿನ ಅಡಿಯಲ್ಲಿದೆ, ಅಲೆನ್ ಕೀ ಕಾಲು ಸುತ್ತು ತಿರುಗಿಸಿ, ತೆಗೆದು, ಮತ್ತೆ ಸಿಕ್ಕಿಸಿ, ಕುತ್ತಿಗೆ ಓರೆ ಮಾಡಿ ಟಾರ್ಚ್ ಹಿಡಿದು ನೋಡಬೇಕು. ಬ್ಲೇಡ್ ಬದಲಿಸಿದಾಗೆಲ್ಲ ಮೇಲಿನದನ್ನು ಮಾತ್ರ ಸರಿ ಮಾಡಿ ಕೆಳಗಿನದನ್ನು ಆಮೇಲೆ ನೋಡೋಣ ಅಂತ ಬಿಟ್ಟಿದ್ದೆ. ಕಿಟ್ಟಿನ ನಾಬ್ ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಬೇರಿಂಗಿಗಿಂತ ಆ ನಾಬ್ ಹೆಚ್ಚು ಬೆಲೆಬಾಳುತ್ತದೆ. ಬೆರಳಲ್ಲಿ ತಿರುಗುವಂತಿದ್ದರೆ ತಿರುಗಿಸುತ್ತೇವೆ, ಇಲ್ಲದಿದ್ದರೆ ಇಲ್ಲ. ನೀವು ಅಲೆನ್ ಕೀ ಹಿಡಿದು ಪ್ರತಿ ಸಲವೂ ಕೆಳಗೆ ಬಗ್ಗುವ ಶಿಸ್ತಿನವರಾಗಿದ್ದರೆ ಹಳೇ ಬ್ಲಾಕೇ ಸಾಕು, ದುಡ್ಡು ಉಳಿಸಿ. ನಾನು ಅಂಥವನಲ್ಲ.

ಟೆನ್ಷನ್: ಮುಳ್ಳು ಹೇಳಿದ್ದು ಸುಳ್ಳು

ಬ್ಲೇಡ್ ಸರಿ ಆದ ಮೇಲೂ 0.4 ಉಳಿದಿತ್ತಲ್ಲ, ಅದರ ಬೆನ್ನು ಹತ್ತಿದೆ. ಯಂತ್ರದ ಮೇಲೆ ಒಂದು ಸ್ಕೇಲ್ ಇದೆ, ಅರ್ಧ ಇಂಚಿನ ಬ್ಲೇಡಿಗೆ ಮುಳ್ಳು ಇಲ್ಲಿಗೆ ಬರಲಿ ಅಂತ. ನಾನು ಅದನ್ನೇ ನಂಬಿದ್ದೆ. ನಿಜವಾಗಿ ಎಷ್ಟಿದೆ ಅಂತ ಅಳೆಯಲು ವಿಶೇಷ ಗೇಜ್ ಬೇಕಿಲ್ಲ, ಡಿಜಿಟಲ್ ವರ್ನಿಯರ್ ಮತ್ತು ಎರಡು ಸಣ್ಣ ಕ್ಲ್ಯಾಂಪ್ ಸಾಕು. ಬ್ಲೇಡ್ ನೆಟ್ಟಗಾಗುವಷ್ಟು ಮಾತ್ರ ಎಳೆದು, ವರ್ನಿಯರಿನ ಎರಡು ದವಡೆಗಳನ್ನೂ 200 ಮಿಮೀ ದೂರದಲ್ಲಿ ಬ್ಲೇಡಿಗೆ ಕ್ಲ್ಯಾಂಪ್ ಮಾಡಿ, ಲಾಕ್ ಸ್ಕ್ರೂ ಸಡಿಲಿಸಿ, ಸೊನ್ನೆ ಒತ್ತಿ. ಈಗ ಟೆನ್ಷನ್ ಕೊಡುತ್ತಾ ಹೋಗಿ. ಬ್ಲೇಡ್ ಹಿಗ್ಗುವುದು ನೇರವಾಗಿ ಕಾಣುತ್ತದೆ.

ಲೆಕ್ಕ ಸುಲಭ. ಉಕ್ಕಿನ ಸ್ಥಿತಿಸ್ಥಾಪಕತೆ ಸುಮಾರು 2,00,000 ಮೆಗಾಪಾಸ್ಕಲ್. ಹಾಗಾಗಿ 200 ಮಿಮೀ ಉದ್ದ 0.1 ಮಿಮೀ ಹಿಗ್ಗಿದರೆ 100 ಮೆಗಾಪಾಸ್ಕಲ್, ಹಳೇ ಲೆಕ್ಕದಲ್ಲಿ ಚದರ ಇಂಚಿಗೆ 14,500 ಪೌಂಡ್. ಮಾಮೂಲಿ ಕಾರ್ಬನ್ ಉಕ್ಕಿನ ಬ್ಲೇಡಿಗೆ ಸಾಮಾನ್ಯವಾಗಿ ಹೇಳುವುದು 15,000ದಿಂದ 20,000 ಪೌಂಡ್. ನನ್ನ ಮುಳ್ಳು ಅರ್ಧ ಇಂಚಿನ ಗುರುತಿಗೆ ಬಂದಾಗ ವರ್ನಿಯರ್ ತೋರಿಸಿದ್ದು 0.05. ಬೇಕಾದದ್ದರ ಅರ್ಧ ಕೂಡ ಸರಿಯಾಗಿ ಇಲ್ಲ!

ಹಾಗೆ ಇನ್ನೂ ಬಿಗಿ ಮಾಡಿದರೆ ಬ್ಲೇಡಿಗೆ ಟೆನ್ಷನ್ ಕೊಡುವ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡವು. ಸುರುಳಿ ಅಂಟಿದ ಮೇಲೆ ಅದು ಸ್ಪ್ರಿಂಗ್ ಅಲ್ಲ, ಕಬ್ಬಿಣದ ಕೊಳವೆ. ಸ್ಪ್ರಿಂಗಿನ ಮೇಲಿರುವ ಹೊರೆ ಸಣ್ಣದೇನಲ್ಲ. 13 ಮಿಮೀ ಬ್ಲೇಡಿನಲ್ಲಿ ಹಲ್ಲು ಬಿಟ್ಟು ಹೊರೆ ಹೊರುವುದು ಸುಮಾರು 10 ಮಿಮೀ, ದಪ್ಪ 0.6, ಅಂದರೆ 6 ಚದರ ಮಿಮೀ. ಅದಕ್ಕೆ 100 ಮೆಗಾಪಾಸ್ಕಲ್ ಅಂದರೆ 600 ನ್ಯೂಟನ್. ಬ್ಲೇಡ್ ವೀಲಿನ ಎರಡೂ ಕಡೆ ಇಳಿಯುವುದರಿಂದ ಅದರ ಎರಡರಷ್ಟು, 1,200 ನ್ಯೂಟನ್. ಹತ್ತಿರ ಹತ್ತಿರ 120 ಕಿಲೋ ತೂಕ ಆ ಪುಟ್ಟ ಸ್ಪ್ರಿಂಗ್ ಹೊತ್ತಿರಬೇಕು. ವರ್ಷಗಟ್ಟಲೆ ಟೆನ್ಷನ್ ಬಿಡದೇ ಹಾಗೇ ಬಿಟ್ಟಿದ್ದೆ, ಕುಗ್ಗದೇ ಏನು ಮಾಡುತ್ತದೆ ಪಾಪ.

ಗಟ್ಟಿ ಸ್ಪ್ರಿಂಗ್ ತಂದು ಹಾಕಿದೆ. ಅರ್ಧ ಗಂಟೆಯ ಕೆಲಸ, ಕಿಟ್ಟಿನ ಬೆಲೆಯ ಮುಂದೆ ಇದರ ಬೆಲೆ ಏನೂ ಅಲ್ಲ. ಈಗ 0.11 ಹಿಗ್ಗಿಸಿ ಓಡಿಸುತ್ತೇನೆ. ಮತ್ತೆ ಪಟ್ಟಿ ಸೀಳಿ ಅಳೆದೆ. ಉಕ್ಕಿನ ಬ್ಲಾಕಿನಲ್ಲಿ 0.3, ಬೇರಿಂಗ್ ಗೈಡಿನಲ್ಲೂ 0.3. ಆ ವ್ಯತ್ಯಾಸವೂ ಮಾಯ. ಈಗ ಕೆಲಸ ಮುಗಿದಾಗ ಟೆನ್ಷನ್ ಸಡಿಲಿಸಿ ಬಾಗಿಲಿಗೆ ‘ಸಡಿಲ ಇದೆ’ ಅಂತ ಒಂದು ಚೀಟಿ ಸಿಕ್ಕಿಸುತ್ತೇನೆ, ಇಲ್ಲದಿದ್ದರೆ ಮರೆತು ಸ್ವಿಚ್ ಒತ್ತುವವನು ನಾನೇ.

ಇದರ ಜೊತೆಗೆ ಇನ್ನೊಂದು ಸಣ್ಣದು ಸಿಕ್ಕಿತು. ಗೈಡ್ ಪೋಸ್ಟ್ ತನ್ನ ತೂತಿನಲ್ಲಿ ಅಲ್ಲಾಡುತ್ತಿತ್ತು. ಲಾಕ್ ನಾಬ್ ಬಿಗಿ ಮಾಡಿದಾಗ ಒಂದು ಕಡೆಗೆ ಒತ್ತಿಕೊಂಡು ತುದಿಯಲ್ಲಿ 0.3 ಮಿಮೀ ಸರಿಯುತ್ತದೆ. ಕಾಗದ ಇಟ್ಟು 0.1ಕ್ಕೆ ಹೊಂದಿಸಿ ಆಮೇಲೆ ಲಾಕ್ ಮಾಡಿದರೆ ಆ ಹೊಂದಿಕೆ ನೀರಲ್ಲಿ ಹೋಮ. ತೂತಿನೊಳಗೆ 0.15 ಮಿಮೀ ಹಿತ್ತಾಳೆ ಶಿಮ್ (ಸಂದಿ ತುಂಬುವ ತೆಳು ತಗಡು) ಸೇರಿಸಿದ ಮೇಲೆ ತುಂಬ ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ, ಅದಕ್ಕೇ ಮೊದಲು ಲಾಕ್, ಆಮೇಲೆ ಗೈಡ್. ನೂರು ಮೈಕ್ರಾನ್ ನಿಖರತೆಯ ಗೈಡ್ ತಂದು ಅಲ್ಲಾಡುವ ಕಂಬಕ್ಕೆ ಕಟ್ಟಿದರೆ ಏನು ಬಂತು.

ಮರದ ಬ್ಲಾಕ್

ಪರೀಕ್ಷೆಗೆ ಅಂತ ಹಳೇ ಬ್ರಾಕೆಟ್ ಹೊರಗಿತ್ತಲ್ಲ, ಇನ್ನೊಂದನ್ನೂ ನೋಡಿಬಿಡೋಣ ಅನ್ನಿಸಿತು. ಉಕ್ಕಿನ ಬದಲು ಗ್ರಾಫೈಟ್ ತುಂಬಿದ ಫೀನಾಲಿಕ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಬ್ಲಾಕ್ ಸಿಗುತ್ತದೆ, ಕೂಲ್ ಬ್ಲಾಕ್ ಅಂತ ಹೆಸರು. ಅದರ ಗುಟ್ಟು ಏನೆಂದರೆ ಬ್ಲೇಡಿಗೆ ಮುಟ್ಟಿಸಿಯೇ ಇಡಬಹುದು, ಬಿಸಿಯಾಗುವುದಿಲ್ಲ, ಅಪ್ಪಿತಪ್ಪಿ ಹಲ್ಲು ತಾಗಿದರೂ ಹಲ್ಲು ಉಳಿಯುತ್ತದೆ. ಅದನ್ನೇ ಗಟ್ಟಿ ಮರದಲ್ಲಿ ಮನೆಯಲ್ಲೇ ಮಾಡಿಕೊಳ್ಳುವವರು ಬಹಳ ಜನ ಇದ್ದಾರೆ.

ಒಂದು ಹಳೇ ಬೀಟೆ ತುಂಡಿನ ಕೆಚ್ಚು ಸಿಕ್ಕಿತು. ನನ್ನ ಬ್ರಾಕೆಟಿನ ತೂತು 12.5 ಮಿಮೀ ಚೌಕ, ಅದಕ್ಕೆ ಸರಿಯಾಗಿ ಕಡ್ಡಿ ಕೊಯ್ದು 30 ಮಿಮೀ ಉದ್ದದ ನಾಲ್ಕು ತುಂಡು. ಎಳೆ ಉದ್ದಕ್ಕೆ ಇರಲಿ, ಅಂದರೆ ಎಳೆಯ ತುದಿ ಬ್ಲೇಡಿಗೆ ತಾಗಬೇಕು. ಅಡ್ಡಕ್ಕೆ ಇಟ್ಟರೆ ಬ್ಲೇಡ್ ಬೇಗ ಕೊರೆದುಬಿಡುತ್ತದೆ. ಮೇಣವನ್ನು ಬಿಸಿ ನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಿ, ನೇರ ಬೆಂಕಿಯ ಮೇಲೆ ಬೇಡ, ಅದರಲ್ಲಿ ಬ್ಲಾಕುಗಳನ್ನು ಒಂದು ಗಂಟೆ ಮುಳುಗಿಸಿದೆ. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು ಒರೆಸಿದರೆ ಮುಗಿಯಿತು.

ಹೊಟ್ಟೆಯ ಅಳತೆ? 0.3. ಅದೇ. ಮೂರು ಬಗೆಯ ಗೈಡ್, ಮೂರಕ್ಕೂ ಒಂದೇ ಸಂಖ್ಯೆ. ಆದರೆ ಸದ್ದು! ಬೇರಿಂಗ್ ಗೈಡ್ ಬ್ಲೇಡಿಗೆ ತಾಗಿದಾಗ ಕೀರಲು ದನಿ ಬರುತ್ತದೆ, ಯಾಕೆ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಈ ಗಾತ್ರದ ಯಂತ್ರದಲ್ಲಿ ಬ್ಲೇಡ್ ನಿಮಿಷಕ್ಕೆ ಸುಮಾರು 3,000 ಅಡಿ ಓಡುತ್ತದೆ, ಸೆಕೆಂಡಿಗೆ 15 ಮೀಟರ್. ಕಿಟ್ಟಿನ ಪಕ್ಕದ ಬೇರಿಂಗ್ 608 ನಂಬರಿನದು, ಹೊರವ್ಯಾಸ 22 ಮಿಮೀ. ಬ್ಲೇಡಿನ ವೇಗಕ್ಕೆ ಪೂರ್ತಿ ತಿರುಗಿದರೆ ನಿಮಿಷಕ್ಕೆ 13,000 ಸುತ್ತು! ಮರದ ಬ್ಲಾಕ್ ತಿರುಗುವುದೇ ಇಲ್ಲ, ಸುಮ್ನೆ ಕೂತಿರುತ್ತದೆ.

ಸಪೂರ ಬ್ಲೇಡಿಗಂತೂ ಮರವೇ. 13 ಮಿಮೀ ಬ್ಲೇಡ್ ಸುಮಾರು 63 ಮಿಮೀ ತ್ರಿಜ್ಯದ ತಿರುವು ತೆಗೆದುಕೊಳ್ಳುತ್ತದೆ, 6 ಮಿಮೀ ಆದರೆ 16, 3 ಮಿಮೀ ಬ್ಲೇಡ್ 5 ಮಿಮೀ ತಿರುವನ್ನೂ ತಿರುಗುತ್ತದೆ. ಆದರೆ 3 ಮಿಮೀ ಬ್ಲೇಡಿನಲ್ಲಿ ಹಲ್ಲು ಬಿಟ್ಟರೆ ಉಳಿಯುವ ಮೈ ಎರಡು ಮಿಮೀ. ಕೊರಕಲಿಗಿಂತ ಒಂದು ಮಿಮೀ ಹಿಂದೆ ಬೇರಿಂಗ್ ಇಡಿ ಅಂದರೆ ಎಲ್ಲಿ ಇಡುವುದು? ಸ್ವಲ್ಪ ಸರಿದರೂ ಹಲ್ಲು ಬೇರಿಂಗಿನ ಮೇಲೆ ಓಡುತ್ತದೆ, ಹತ್ತು ನಿಮಿಷದಲ್ಲಿ ಬ್ಲೇಡ್ ಕಸ. ಮರದ ಬ್ಲಾಕಾದರೆ ಇಡೀ ಬ್ಲೇಡನ್ನು, ಹಲ್ಲೂ ಸೇರಿಸಿ, ಎರಡು ಬ್ಲಾಕುಗಳ ನಡುವೆ ಅಮುಕಿಬಿಡಬಹುದು. ಹಲ್ಲು ತನಗೆ ಬೇಕಾದ ಜಾಗ ತಾನೇ ಕೊರೆದುಕೊಳ್ಳುತ್ತದೆ. ಮುಖ ಸವೆದಾಗ ಒಂದು ಮಿಮೀ ಕೊಯ್ದು ಮುಂದೆ ತಳ್ಳಿದರೆ ಆಯಿತು.

ಐದು ತಿಂಗಳಾದ ಮೇಲೆ

ಪರೀಕ್ಷೆ ಮುಗಿದ ಮೇಲೆ ನಾಬಿನ ಆಸೆಗೆ ಬೇರಿಂಗ್ ಕಿಟ್ಟನ್ನೇ ಎರಡೂ ಕಡೆ ವಾಪಸ್ ಹಾಕಿದ್ದೆ. ಐದು ತಿಂಗಳಲ್ಲಿ ಅಂಟು ಜಾಸ್ತಿ ಇರುವ ಮರ ಬಹಳ ಕೊಯ್ದೆ. ಒಂದು ದಿನ ಟಕ ಟಕ ಟಕ ಅಂತ ಸದ್ದು. ಮೊದಲು ಬೆಸುಗೆ ಅಂದುಕೊಂಡೆ. ಬ್ಲೇಡ್ ಒಂದು ಉದ್ದನೆ ಪಟ್ಟಿ, ಎರಡು ತುದಿ ಬೆಸೆದು ಬಳೆ ಮಾಡಿದ್ದು. ಈ ಬೆಸುಗೆ ಸಣ್ಣ ವಿಷಯ ಅಲ್ಲ. ಬ್ಯಾಂಡ್ ಸಾ ಕಲ್ಪನೆಗೆ ವಿಲಿಯಂ ನ್ಯೂಬೆರಿ ಅನ್ನುವವರು 1809ರಷ್ಟು ಹಿಂದೆಯೇ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದಿದ್ದರು. ಆದರೆ ತಿರುಗಿ ತಿರುಗಿ ತುಂಡಾಗದ ಬ್ಲೇಡ್ ಮಾಡೋಕೆ ಬರದೆ ಅದು ಹಾಗೇ ಬಿದ್ದಿತ್ತು. ಪ್ಯಾರಿಸಿನ ಆನ್ ಪೌಲಿನ್ ಕ್ರೆಪಿನ್ ಅನ್ನುವ ಮಹಿಳೆ ಬೆಸೆಯುವ ದಾರಿ ಕಂಡುಕೊಂಡು 1846ರಲ್ಲಿ ಪೇಟೆಂಟ್ ಮಾಡಿಸಿದ ಮೇಲೇ ಯಂತ್ರಕ್ಕೆ ಜೀವ ಬಂದದ್ದು. ಬೆಸುಗೆ ಉಬ್ಬಿದ್ದರೆ ಸುತ್ತಿಗೊಮ್ಮೆ ಬೆನ್ನಿನ ಬೇರಿಂಗಿಗೆ ಬಡಿಯುತ್ತದೆ, ಓಡುವ ಬ್ಲೇಡಿನ ಬೆನ್ನಿಗೆ ಸಾಣೆಕಲ್ಲು ಹಗುರವಾಗಿ ಹಿಡಿದರೆ ಸರಿಹೋಗುತ್ತದೆ. (ಸುತ್ತ ಇರುವ ಹುಡಿ ಮೊದಲು ಎತ್ತಿಬಿಡಿ, ಕಿಡಿ ಹಾರುತ್ತದೆ.)

ಬೆಸುಗೆ ಅಲ್ಲ. ಸದ್ದು ಸೆಕೆಂಡಿಗೆ ಆರು ಸಲಕ್ಕಿಂತ ಎಷ್ಟೋ ವೇಗವಾಗಿ ಬರುತ್ತಿತ್ತು, ಬ್ಲೇಡಿನ ಪೂರ್ತಿ ಸುತ್ತಿಗೆ ಅದು ಹೊಂದುವುದಿಲ್ಲ. ಕೆಳಗೆ ಬಗ್ಗಿ ನೋಡಿದರೆ ಪಕ್ಕದ ಬೇರಿಂಗಿನ ಮೈಮೇಲೆ ಅಂಟು ಮತ್ತು ಹುಡಿ ಸೇರಿ ಗಟ್ಟಿ ಪದರ ಕಟ್ಟಿದೆ, ಒಂದು ಕಡೆ ಗುಬುಟಾಗಿದೆ. ತಿರುಗಿದಾಗೆಲ್ಲ ಆ ಗುಬುಟು ಬ್ಲೇಡನ್ನು ಒದೆಯುತ್ತದೆ. ಇನ್ನೊಂದು ಬೇರಿಂಗ್ ಅಂತೂ ಸಿಕ್ಕಿಕೊಂಡು ನಿಂತೇಬಿಟ್ಟಿತ್ತು, ನಿಂತ ಜಾಗದಲ್ಲಿ ಬ್ಲೇಡ್ ಒಂದು ಚಪ್ಪಟೆ ಕೊರೆದಿತ್ತು.

ಇದು ಆ ಬೇರಿಂಗಿನ ಹಣೆಬರಹ, ತಯಾರಿಸಿದವರ ತಪ್ಪು ಅನ್ನಲಾರೆ. ಬ್ಲೇಡ್ ಕೆಳಗೆ ಇಳಿಯುತ್ತದೆ, ಹುಡಿ ಎಲ್ಲ ಅದರ ಜೊತೆ ಕೆಳಗಿನ ಗೈಡಿಗೇ ಹೋಗುತ್ತದೆ. ಉರುಳುವ ವಸ್ತು ಹುಡಿಯನ್ನು ಬ್ಲೇಡಿನ ಮೇಲೆ ಒತ್ತಿ ಒತ್ತಿ ರೊಟ್ಟಿ ತಟ್ಟಿದ ಹಾಗೆ ತಟ್ಟುತ್ತದೆ. ಕೂತಿರುವ ಬ್ಲಾಕ್ ಹಾಗಲ್ಲ, ಬ್ಲೇಡನ್ನು ಕೆರೆದು ಒರೆಸುತ್ತದೆ. ಹಾಳಾದ ಬೇರಿಂಗಿಗೆ ಎರಡೂ ಕಡೆ ರಬ್ಬರ್ ಸೀಲ್ ಇರುವ 2ಆರ್‌ಎಸ್ ಹಾಕಿದೆ, ಮೊದಲಿದ್ದದ್ದು ತಗಡಿನ ಮುಚ್ಚಳದ ಝಡ್‌ಝಡ್. ಸೀಲ್ ಒಳಗಿನ ಗ್ರೀಸನ್ನು ಕಾಯುತ್ತದೆ, ಹೊರಮೈಗೆ ಕಟ್ಟುವ ಪದರಕ್ಕೆ ಅದೇನು ಮಾಡೀತು? ಎರಡು ವಾರದಲ್ಲಿ ಮತ್ತೆ ಕಟ್ಟಿತು.

ಕೊನೆಗೆ ಈಗ ಇರುವ ಸ್ಥಿತಿ ಇದು. ಮೇಲೆ ಕಿಟ್ಟಿನ ಬೇರಿಂಗ್, ಸಪೂರ ಬ್ಲೇಡ್ ಹಾಕುವಾಗ ಮಾತ್ರ ಬಿಚ್ಚಿ ಹಳೇ ಬ್ರಾಕೆಟ್ ಹಾಕುತ್ತೇನೆ. ಕೆಳಗೆ ಹಳೇ ಬ್ರಾಕೆಟ್, ಅದರಲ್ಲಿ ಬೀಟೆ ಬ್ಲಾಕ್. ಕೆಳಗಿನ ಅಲೆನ್ ಸ್ಕ್ರೂಗಳನ್ನು ಕಿತ್ತು ಅದೇ ಅಳತೆಯ ಉದ್ದ ಬೋಲ್ಟ್ ಹಾಕಿ, ತಲೆಗೆ ಮರದ ಗುಬಟೆ ಕೂರಿಸಿದ್ದೇನೆ, ಈಗ ಬೆರಳಲ್ಲೇ ತಿರುಗುತ್ತದೆ. ಟೇಬಲ್ ಮತ್ತೆ 45 ಡಿಗ್ರಿವರೆಗೂ ವಾಲುತ್ತದೆ. ಅಂದರೆ ಕಿಟ್ಟಿನಲ್ಲಿ ಅರ್ಧ ಡಬ್ಬಿಯಲ್ಲಿದೆ, ಅರ್ಧ ಯಂತ್ರದಲ್ಲಿದೆ. ಕೊಟ್ಟ ದುಡ್ಡಿಗೆ ಮೂರು ಒಳ್ಳೆ ಬ್ಲೇಡ್ ಬರುತ್ತಿತ್ತು ಅಂತ ಗೆಳೆಯ ಆಗಾಗ ನೆನಪಿಸುತ್ತಾನೆ. ಮೇಲಿನ ನಾಬ್ ತಿರುಗಿಸುವಾಗ ಆಗುವ ಖುಷಿ ಅವನಿಗೆ ಗೊತ್ತಿಲ್ಲ, ಬಿಡಿ.

ಬಾಕಿ ಇರುವ ಕೆಲಸ ಒಂದೇ. ಬೆನ್ನಿನ ಬೇರಿಂಗ್ ಕೆಳಗಡೆಯದು ಇನ್ನೂ ಹಳೇದೇ, ಗೀರು ಆಳವಾಗುತ್ತಿದೆ. ಅದನ್ನು ಮಗುಚಿ ಹಾಕಿದರೆ ಇನ್ನೊಂದು ಮುಖ ಹೊಸದಾಗಿಯೇ ಇದೆ. ಮುಂದಿನ ಬ್ಲೇಡ್ ಬದಲಿಸುವಾಗ ನೋಡುತ್ತೇನೆ.